ಬುಕ್ಕರಾಯನ ಸಂಧಿಶಾಸನ: ಭವ್ಯರ ಕಡೆಯಿಂದ ಒಂದು ಪರಿಶೀಲನೆ

ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿರುವ ಕ್ರಿ.ಶ. 1368ರ ಶಾಸನವು ಕನ್ನಡಿಗರಿಗೆ ಚಿರಪರಿಚಿತವಾದುದು. ವಿಜಯನಗರದ ಮೊದಲನೆಯ ಬುಕ್ಕರಾಯನು ಜೈನರಿಗೂ ಶ್ರೀವೈಷ್ಣವರಿಗೂ ಸಂಧಿ ಮಾಡಿಸಿದ ವೃತ್ತಾಂತ ಅದರಲ್ಲಿದೆ. ಲೂಯಿ ರೈಸರು ಬೆಳಗೊಳದ ಶಾಸನಗಳನ್ನು 1889ರಲ್ಲಿ ಪ್ರಕಟಿಸಿದರು, ಆರ್. ನರಸಿಂಹಾಚಾರ್ಯರು 1923ರಲ್ಲಿ ಅವನ್ನು ಪರಿಷ್ಕರಿಸಿ ಹೊರತಂದರು. ಅಂದಿನಿಂದ ಈ ಶಾಸನವನ್ನು ನಮ್ಮ ಅರಸರ ಮತಸಹಿಷ್ಣುತೆಯ ಉಜ್ಜ್ವಲ ನಿದರ್ಶನವೆಂದು ಉದಾಹರಿಸುವುದು ವಾಡಿಕೆಯಾಗಿದೆ. ಈ ಪ್ರಶಂಸೆ ನಿರಾಧಾರವಾದುದೇನೂ ಅಲ್ಲ. ಆದರೆ ಹೊಗಳಿಕೆಯೆಲ್ಲವೂ ಸಿಂಹಾಸನದ ಕಡೆಯಿಂದ ನೋಡಿದವರದು. ಆ ದಿನ ರಾಜನ ಮುಂದೆ ಬಿನ್ನಹ ಮಾಡಿಕೊಂಡ ಸಮುದಾಯದ ಕಡೆಯಿಂದ ಅದೇ ಶಾಸನವನ್ನು ಓದಿದರೆ ಏನು ತೋರುತ್ತದೆಂಬುದೇ ಪ್ರಕೃತ ವಿಷಯ.

ಮೊದಲು ಶಾಸನದ ಸಾರಾಂಶವನ್ನು ನೆನೆಯೋಣ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಪಟ್ಟಣಗಳ ಭವ್ಯರು, ಎಂದರೆ ಜೈನರು, ಭಕ್ತರು ಮಾಡುವ ಅನ್ಯಾಯಗಳನ್ನು ಅರಸನಿಗೆ ಅರಿಕೆ ಮಾಡಿದರು. ಅರಸನು ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳೇ ಮೊದಲಾದ ಕ್ಷೇತ್ರಗಳ ಆಚಾರ್ಯರನ್ನೂ ಹದಿನೆಂಟು ನಾಡಿನ ಶ್ರೀವೈಷ್ಣವರನ್ನೂ ಮುಂದಿಟ್ಟುಕೊಂಡು, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟನು. ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಪಂಚಮಹಾವಾದ್ಯಗಳೂ ಕಲಶವೂ ಜೈನರಿಗೆ ಪೂರ್ವದಂತೆಯೇ ಸಲ್ಲತಕ್ಕುವು. ಜೈನದರ್ಶನಕ್ಕೆ ಒದಗುವ ಹಾನಿವೃದ್ಧಿಗಳನ್ನು ವೈಷ್ಣವರು ತಮ್ಮವೆಂದೇ ಎಣಿಸತಕ್ಕದ್ದು. ರಾಜ್ಯದ ಬಸದಿಗಳಲ್ಲೆಲ್ಲ ಈ ಕಟ್ಟಳೆಯನ್ನು ಕಲ್ಲಿನಲ್ಲಿ ಬರೆಯಿಸಿ ನಿಲ್ಲಿಸತಕ್ಕದ್ದು. ಇದಲ್ಲದೆ ಜೈನರು ಮನೆಬಾಗಿಲಿಗೆ ವರ್ಷಕ್ಕೆ ಒಂದು ಹಣದಂತೆ ಕೊಡಬೇಕು. ತಿರುಮಲೆಯ ತಾತಯ್ಯನು ಆ ಹಣದಿಂದ ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ನೇಮಿಸಿ, ಮಿಕ್ಕದ್ದರಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು.

ಅನ್ಯಾಯವೆಂಬ ಒಂದೇ ಮಾತಿನಲ್ಲಿ ಶಾಸನವು ದೂರನ್ನು ಮುಗಿಸಿಬಿಡುತ್ತದೆ. ಆದರೆ ಪರಿಹಾರವನ್ನು ವಿವರವಾಗಿ ಹೇಳುತ್ತದೆ. ಮದ್ದಿನಿಂದ ರೋಗವನ್ನು ಊಹಿಸುವಂತೆ ಪರಿಹಾರದಿಂದ ಪೀಡೆಯನ್ನು ಊಹಿಸಬಹುದು. ವಾದ್ಯಕಲಶಗಳು ಸಲ್ಲುವುವೆಂದು ಹೇಳಬೇಕಾದರೆ ಅವುಗಳಿಗೆ ಅಡ್ಡಿ ಬಂದಿರಬೇಕು. ಉತ್ಸವವು ಬೀದಿಗೆ ಬಾರದಂತೆ ತಡೆದದ್ದುಂಟು ಎಂದು ಇದರಿಂದ ಊಹಿಸುವುದು ಯುಕ್ತ. ಅಂಗರಕ್ಷೆಯ ಆಳುಗಳು ಬೇಕಾದರೆಂದರೆ ದೇವರ ಮೈಮೇಲೆಯೇ ಕೈಯೆತ್ತುವವರ ಭಯವಿತ್ತು. ಬಸದಿಬಸದಿಗೂ ಕಲ್ಲು ನೆಡಬೇಕಾಯಿತೆಂದರೆ ಪೀಡೆ ಒಂದೂರಿನದಾಗಿರಲಿಲ್ಲ. ದೂರು ಕೊಟ್ಟ ಪಟ್ಟಣಗಳು ಒಂದಕ್ಕೊಂದು ಬಹುದೂರದವು. ಪೆನುಗೊಂಡೆ ಇಂದಿನ ಆಂಧ್ರದಲ್ಲಿದೆ, ಕಲ್ಲೆಹವು ಮಾಗಡಿಯ ಬಳಿಯ ಕಲ್ಯ. ಇವರೆಲ್ಲರೂ ಒಂದುಗೂಡಿ ರಾಜದ್ವಾರಕ್ಕೆ ಬರಬೇಕಾದರೆ ಊರೂರಲ್ಲಿ ನ್ಯಾಯ ಕೇಳುವ ದಾರಿ ಮುಚ್ಚಿಹೋಗಿತ್ತೆಂದೇ ತಿಳಿಯಬೇಕು.

ಇನ್ನು ಆ ಒಂದು ಹಣದ ವಿಚಾರ. ರಕ್ಷಣೆಯ ವೆಚ್ಚವನ್ನು ಹೊತ್ತವರು ನೊಂದವರೇ. ಸೆಟ್ಟಿಯ ಮಾಳಿಗೆಗೂ ಬಡವನ ಗುಡಿಸಲಿಗೂ ಒಂದೇ ಹಣ. ಹಾಗೆ ಕೂಡಿದ ದ್ರವ್ಯವು ಪ್ರತಿಪಕ್ಷದ ಹಿರಿಯನ ಕೈಸೇರುತ್ತಿತ್ತು. ಸಹಿಷ್ಣುತೆಯನ್ನು ಕೊಂಡಾಡುವವರು ಈ ಅಂಶವನ್ನು ಕಣ್ಣೆತ್ತಿ ನೋಡುವುದು ಅಪರೂಪ. ಹಾಗೆಂದು ಇದನ್ನು ಕೇವಲ ದಂಡವೆಂದು ತಳ್ಳಿಹಾಕುವುದೂ ಸರಿಯಲ್ಲ. ಹಣವನ್ನೆತ್ತಲು ಭವ್ಯರ ಅನುಮತವಿತ್ತೆಂದು ಶಾಸನವೇ ಹೇಳುತ್ತದೆ. ಭಯವು ಯಾರ ಕಡೆಯಿಂದ ಬಂದಿತ್ತೋ ಅವರ ಮುಖಂಡನನ್ನೇ ಕಾವಲಿನ ಹೊಣೆಗಾರನನ್ನಾಗಿ ಮಾಡಿದ್ದರಲ್ಲಿ ವ್ಯವಹಾರಜ್ಞಾನವಿದೆ. ಬೆಳಗೊಳಕ್ಕೆ ಕೇಡಾದರೆ ಉತ್ತರ ಹೇಳಬೇಕಾದವನು ತಾತಯ್ಯ. ಕೈಗೆ ಕೈಯಿಟ್ಟು ಒಪ್ಪಿಸುವುದು ನಮ್ಮಲ್ಲಿ ಮಗಳನ್ನು ಧಾರೆಯೆರೆಯುವಾಗಲೂ ಉಂಟು. ಅಲ್ಲಿ ಪ್ರೀತಿಯೂ ಇದೆ, ಒಪ್ಪಿಸಿಕೊಟ್ಟವರ ಅಸಹಾಯತೆಯೂ ಇದೆ. ಸಮಾನತೆಯ ಮಾತನ್ನಾಡುತ್ತಲೇ ಅರಸನು ಯಾರ ಕೈ ಮೇಲು ಎಂಬುದನ್ನು ತೋರಿಸಿಕೊಟ್ಟಿದ್ದಾನೆ.

ಶಾಸನದ ಆರಂಭವನ್ನೂ ಮರೆಯಲಾಗದು. ಭೇದವಿಲ್ಲವೆಂದು ಸಾರುವ ಈ ಲೇಖವು ತೊಡಗುವುದು ರಾಮಾನುಜರ ಸ್ತುತಿಯಿಂದ. ಅವರನ್ನು ಪಾಷಂಡರೆಂಬ ಕಡಲಿಗೆ ಬಡಬಾಗ್ನಿಯೆಂದು ಅಲ್ಲಿ ಬಣ್ಣಿಸಿದೆ. ವೈದಿಕರ ಮಾತಿನಲ್ಲಿ ಜೈನರೂ ಆ ಪಾಷಂಡರೊಳಗೇ ಸೇರಿದವರು. ತಮ್ಮನ್ನು ಸುಡುವ ಬೆಂಕಿಯ ಜಯಕಾರವನ್ನು ತಮ್ಮ ಬಸದಿಯ ಕಲ್ಲಿನಲ್ಲೇ ಜೈನರು ನೋಡಬೇಕಾಯಿತು. ಸಂಧಿಯ ಬೆಲೆಯಲ್ಲಿ ಇದೂ ಒಂದು ಭಾಗ.

ಆದರೂ ಹಿಂದುಮುಂದಿನ ಶಾಸನಗಳೊಡನೆ ಹೋಲಿಸಿದಾಗ ಇದರ ಹಿರಿಮೆ ಕಾಣದಿರದು. ಸುಮಾರು 1200ರ ಅಬ್ಬಲೂರಿನ ಶಾಸನವು ಏಕಾಂತದ ರಾಮಯ್ಯನ ಗೆಲವನ್ನು ಹಾಡುತ್ತದೆ. ಶಿರಸ್ಸನ್ನರಿದು ಮರಳಿ ಪಡೆದ ಪವಾಡ, ಜಿನಬಿಂಬದ ಭಂಗ, ಬಿಜ್ಜಳನಿತ್ತ ಜಯಪತ್ರ, ಎಲ್ಲವೂ ಅಲ್ಲಿವೆ. ಗುಡಿಯ ಶಿಲ್ಪಗಳಲ್ಲೂ ಆ ಕಥೆಯನ್ನೇ ಕಡೆದಿದ್ದಾರೆ. ಸೋತವರ ಬಾಯಲ್ಲಿ ಒಂದು ಮಾತೂ ಇಲ್ಲ. 1638ರ ಹಳೆಯಬೀಡಿನ ಶಾಸನದ ರೀತಿ ಬೇರೆ. ಹುಚ್ಚಪ್ಪದೇವನು ವಿಜಯಪಾರ್ಶ್ವ ಬಸದಿಯ ಕಂಬಗಳಿಗೆ ಲಿಂಗಮುದ್ರೆಯನ್ನು ಹಾಕಿದನು, ವಿಜಯಪ್ಪನು ಅದನ್ನು ಒರಸಿದನು. ಆಗ ವೀರಶೈವರ ಮಹಾಮಹತ್ತು ಕೂಡಿ, ಮೊದಲು ವಿಭೂತಿವೀಳ್ಯಗಳನ್ನು ಒಪ್ಪಿಸಿ ಬಳಿಕ ಜೈನರು ತಮ್ಮ ಪೂಜೆಯನ್ನು ನಡೆಸಿಕೊಳ್ಳಬಹುದೆಂದು ತೀರ್ಮಾನಿಸಿತು. ಅದಕ್ಕೆ ಅಡ್ಡಬಂದವನು ಶಿವದ್ರೋಹಿಯೆಂದೂ ಬರೆಯಿಸಿತು. ಇಲ್ಲಿಯೂ ದುರ್ಬಲರು ತಲೆಬಾಗಿ ಕಾಣಿಕೆಯಿಟ್ಟೇ ಹಕ್ಕನ್ನು ಪಡೆದರು. ಆದರೆ ಪ್ರಬಲರು ತಮ್ಮವನನ್ನು ತಮ್ಮ ಧರ್ಮದ ಹೆಸರಿನಿಂದಲೇ ಕಟ್ಟಿಹಾಕಿದರೆಂಬುದು ಸಣ್ಣ ಸಂಗತಿಯಲ್ಲ. ಅಬ್ಬಲೂರಿನಿಂದ ಹಳೆಯಬೀಡಿನವರೆಗಿನ ಈ ದಾರಿಯ ನಡುವೆ ಬೆಳಗೊಳದ ಕಲ್ಲು ನಿಂತಿದೆ.

ಅದರ ಫಲವೇನಾಯಿತು? ಉತ್ತರವು ಅದೇ ಕಲ್ಲಿನ ಕೊನೆಯಲ್ಲಿದೆ. ಕಲ್ಲೆಹದ ಬುಸುವಿಸೆಟ್ಟಿಯು ಬುಕ್ಕರಾಯನಿಗೆ ಬಿನ್ನವಿಸಿ, ತಿರುಮಲೆಯ ತಾತಯ್ಯನನ್ನು ಬರಿಸಿ, ಶಾಸನವನ್ನು ಜೀರ್ಣೋದ್ಧಾರ ಮಾಡಿಸಿದನು. ಉಭಯ ಸಮಯದವರೂ ಕೂಡಿ ಅವನಿಗೆ ಸಂಘನಾಯಕ ಪಟ್ಟವನ್ನು ಕಟ್ಟಿದರು. ಆಚಂದ್ರಾರ್ಕವೆಂದು ಬರೆದ ಕಟ್ಟಳೆಯನ್ನು ಮತ್ತೆ ಊರ್ಜಿತಗೊಳಿಸಬೇಕಾಯಿತೆಂಬುದನ್ನು ಗಮನಿಸಬೇಕು. ಅದಕ್ಕಾಗಿ ಓಡಾಡಿದವನು ರಾಜನಲ್ಲ, ಆಚಾರ್ಯನಲ್ಲ, ನೊಂದ ಊರಿನ ಒಬ್ಬ ಸೆಟ್ಟಿ. ನಮ್ಮ ಇತಿಹಾಸಗಳಲ್ಲಿ ಬುಕ್ಕನ ಹೆಸರು ದಪ್ಪ ಅಕ್ಷರದಲ್ಲಿದೆ, ಬುಸುವಿಸೆಟ್ಟಿಯದು ಅಡಿಟಿಪ್ಪಣಿಯಲ್ಲಿದೆ. ಈ ಅನುಪಾತವನ್ನು ತಿದ್ದಬೇಕೆಂಬುದೇ ಈ ಲೇಖನದ ವಾದ.

ಮದರಾಸಿನ ಸೀಮೆಯಲ್ಲಿ ನೆಲಸಿದ ಕನ್ನಡಿಗರಿಗೆ ಈ ವಿಚಾರವು ದೂರದ್ದಲ್ಲ. ಶೋಳಿಂಗನಲ್ಲೂರಿನಿಂದ ಬೆಳಿಗ್ಗೆ ಹೊರಟರೆ ಕಂಚಿಯನ್ನು ನೋಡಿ ಸಂಜೆಗೆ ಮರಳಬಹುದು. ಬುಕ್ಕನ ಸಭೆಗೆ ಬಂದ ಪೆರುಮಾಳ್ ಕೋವಿಲಿನವರು ಅಲ್ಲಿಯವರೇ. ಅದರ ಮಗ್ಗುಲಲ್ಲಿಯೇ ತಿರುಪ್ಪರುತ್ತಿಕ್ಕುನ್ರದ ಜಿನಾಲಯವಿದೆ. ವಿಜಯನಗರದ ಜೈನ ದಂಡನಾಯಕ ಇರುಗಪ್ಪನು 1387–88ರಲ್ಲಿ ಅಲ್ಲಿ ಸಂಗೀತಮಂಟಪವನ್ನು ಕಟ್ಟಿಸಿದನು. ಸಂಧಿಯಾಗಿ ಇಪ್ಪತ್ತು ವರ್ಷಗಳಲ್ಲಿ ವಾದ್ಯಕ್ಕೆ ಮತ್ತೆ ಮಂಟಪವೆದ್ದಿತು. ಇದಕ್ಕೆ ಸಂಧಿಯೊಂದೇ ಕಾರಣವೆನ್ನಲಾಗದು, ಇರುಗಪ್ಪನ ಅಧಿಕಾರಬಲವೂ ಅದರಲ್ಲಿತ್ತು. ಆದರೆ ನೊಂದ ಸಮುದಾಯವು ಅಳಿದುಹೋಗಲಿಲ್ಲವೆಂಬುದಕ್ಕೆ ಅದು ಸಾಕ್ಷಿ.

ಪರಭಾಷೆಯ ನಾಡಿನಲ್ಲಿ ಅಲ್ಪಸಂಖ್ಯಾತರಾಗಿ ಬಾಳುವವರು ಔದಾರ್ಯವೆಂಬ ಮಾತನ್ನು ಪಡೆಯುವವರ ಕಡೆಯಿಂದಲೂ ತೂಗಿನೋಡಬಲ್ಲರು. 1991ರ ಡಿಸೆಂಬರಿನಲ್ಲಿ ಕಾವೇರಿಯ ನಿಮಿತ್ತ ಬೆಂಗಳೂರಿನ ತಮಿಳರು ಪಟ್ಟ ಪಾಡು ಮತದ್ವೇಷದಿಂದ ಬಂದದ್ದಲ್ಲವಾದರೂ, ನೆರೆಯವನು ಒಂದೇ ರಾತ್ರಿಯಲ್ಲಿ ಅನ್ಯನಾಗುವ ಬಗೆ ಎರಡಕ್ಕೂ ಒಂದೇ. ಅಂತಹ ದಿನಗಳಲ್ಲಿ ಅರಸನ ಘೋಷಣೆ ಬೇಕು. ಇಪ್ಪತ್ತು ಆಳುಗಳ ಕಾವಲೂ ಬೇಕು. ಆದರೆ ಒರಸಿಹೋದ ಕಲ್ಲನ್ನು ಮತ್ತೆ ಬರೆಯಿಸಲು ಊರಿಂದ ಹೊರಟು ಬರುವ ಒಬ್ಬ ಬುಸುವಿಸೆಟ್ಟಿಯಿಲ್ಲದಿದ್ದರೆ ಇವೆರಡೂ ಬಹುಕಾಲ ನಿಲ್ಲಲಾರವು.