ಧ್ರುವಪ್ರಭೆಯ ನಕ್ಷೆ: ಬೆಂಗಳೂರಿನ ಹ್ಯಾಮ್‌ಗೆ ಎಷ್ಟು ಉಪಯುಕ್ತ?

ಭೂಮಿಯ ಎರಡು ಧ್ರುವಗಳ ಸುತ್ತಲಿನ ಪ್ರದೇಶದಲ್ಲಿ ರಾತ್ರಿಯ ಆಕಾಶದಿಂದ ಹಸಿರು, ಕೆಂಪು ಪರದೆಗಳಂತೆ ಇಳಿಬಿದ್ದು ಕಾಣುವ ಬೆಳಕಿಗೆ ಧ್ರುವಪ್ರಭೆ ಎಂದು ಹೆಸರು. ಅದು ಎಲ್ಲಿ, ಎಷ್ಟರಮಟ್ಟಿಗೆ ಕಾಣಿಸೀತು ಎಂಬುದನ್ನು ಮುಂಚಿತವಾಗಿ ಅಂದಾಜು ಮಾಡಿ ತೋರಿಸುವ ನಕ್ಷೆಯೊಂದನ್ನು ಅಮೆರಿಕದ ನೋವಾ ಸಂಸ್ಥೆಯ ಬಾಹ್ಯಾಕಾಶ ಹವಾಮಾನ ಮುನ್ಸೂಚನಾ ಕೇಂದ್ರ ಪ್ರಕಟಿಸುತ್ತದೆ. ಆಕಾಶ ವೀಕ್ಷಕರಂತೆ ಹವ್ಯಾಸಿ ರೇಡಿಯೋ ನಡೆಸುವವರೂ, ಅಂದರೆ ಹ್ಯಾಮ್‌ಗಳೂ, ಈ ನಕ್ಷೆಯನ್ನು ನೋಡುತ್ತಾರೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಅಥವಾ ಕೆಂಗೇರಿಯಲ್ಲಿ ಮನೆಯ ತಾರಸಿಯ ಮೇಲೆ ಆಂಟೆನಾ ಕಟ್ಟಿರುವ ಹ್ಯಾಮ್‌ಗೆ ಇದರಿಂದ ಏನು ಪ್ರಯೋಜನ? ಧ್ರುವಪ್ರಭೆ ನಮ್ಮ ಊರಿನಲ್ಲಿ ಕಾಣುವುದಿಲ್ಲವಾದ್ದರಿಂದ ಏನೂ ಇಲ್ಲ ಎನ್ನುವವರಿದ್ದಾರೆ. ನಕ್ಷೆಯಲ್ಲಿ ನಮ್ಮ ಕಡೆ ಬಣ್ಣವಿಲ್ಲದಿದ್ದರೆ ರೇಡಿಯೋ ಸಂಪರ್ಕಕ್ಕೆ ಅಡ್ಡಿಯಿಲ್ಲ ಎಂದು ನಂಬುವವರೂ ಇದ್ದಾರೆ. ಎರಡೂ ಅಭಿಪ್ರಾಯಗಳು ಸರಿಯಲ್ಲ ಎಂಬುದನ್ನು ಇಲ್ಲಿ ಪರಿಶೀಲಿಸೋಣ.

ನಕ್ಷೆಯ ಹಿಂದಿನ ಲೆಕ್ಕ

ಸೂರ್ಯನಿಂದ ಸದಾ ಹೊರಹರಿಯುವ ವಿದ್ಯುದಾವಿಷ್ಟ ಕಣಗಳ ಪ್ರವಾಹವೇ ಸೌರ ಮಾರುತ. ಭೂಮಿಯಿಂದ ಸೂರ್ಯನ ಕಡೆಗೆ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿರುವ ಎಲ್-1 ಬಿಂದುವಿನ ಬಳಿಯ ಉಪಗ್ರಹಗಳು ಈ ಮಾರುತದ ವೇಗವನ್ನೂ ಅದು ಹೊತ್ತು ತರುವ ಕಾಂತಕ್ಷೇತ್ರದ ದಿಕ್ಕನ್ನೂ ಅಳೆಯುತ್ತವೆ. ಸೆಕೆಂಡಿಗೆ 400 ಕಿ.ಮೀ. ವೇಗದ ಮಾರುತ ಅಲ್ಲಿಂದ ಭೂಮಿಗೆ ಬರಲು ಒಂದು ಗಂಟೆಗಿಂತ ತುಸು ಹೆಚ್ಚು ಕಾಲ ಬೇಕು, 800 ಕಿ.ಮೀ. ವೇಗದ್ದಾದರೆ ಅರ್ಧ ಗಂಟೆ ಸಾಕು. ನಕ್ಷೆಯ ಮುನ್ಸೂಚನೆ 30ರಿಂದ 90 ನಿಮಿಷಗಳಿಗೆ ಸೀಮಿತವಾಗಿರುವುದಕ್ಕೆ ಇದೇ ಕಾರಣ.

ಅಳತೆಯನ್ನು ನಕ್ಷೆಯಾಗಿ ಪರಿವರ್ತಿಸುವ ಗಣಿತ ಮಾದರಿಗೆ ಓವೇಷನ್ ಎಂದು ಹೆಸರು. ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಅನ್ವಯಿಕ ಭೌತವಿಜ್ಞಾನ ಪ್ರಯೋಗಾಲಯದ ಪ್ಯಾಟ್ರಿಕ್ ನ್ಯೂಯೆಲ್ ಮತ್ತು ಸಂಗಡಿಗರು ಇದನ್ನು ರೂಪಿಸಿದರು. ಡಿಎಂಎಸ್‌ಪಿ ಎಂಬ ಉಪಗ್ರಹ ಸರಣಿ ಧ್ರುವಪ್ರದೇಶಗಳ ಮೇಲೆ ಹಾದುಹೋಗುವಾಗ ವರ್ಷಗಟ್ಟಲೆ ದಾಖಲಿಸಿದ ಕಣಗಳ ಮಾಹಿತಿ ಇದಕ್ಕೆ ಆಧಾರ. ಸೌರ ಮಾರುತ ಹೀಗಿದ್ದಾಗ ಧ್ರುವಪ್ರದೇಶದ ಯಾವ ಭಾಗಕ್ಕೆ ಎಷ್ಟು ಕಣಗಳು ಸುರಿಯುತ್ತವೆ ಎಂಬ ಹಳೆಯ ಅನುಭವವನ್ನು ಇಂದಿನ ಅಳತೆಗೆ ಅನ್ವಯಿಸಿ, ಬೆಳಕು ಕಾಣುವ ಸಂಭವನೀಯತೆಯನ್ನು ಹಸಿರಿನಿಂದ ಕೆಂಪಿನವರೆಗಿನ ಬಣ್ಣಗಳಲ್ಲಿ ತೋರಿಸುತ್ತಾರೆ. ಬಣ್ಣಗಳು ಧ್ರುವದ ಸುತ್ತ ಒಂದು ಉಂಗುರದ ಆಕಾರದಲ್ಲಿ ಮೂಡುತ್ತವೆ. ಕಾಂತೀಯ ಬಿರುಗಾಳಿ ಎದ್ದಾಗ ಈ ಉಂಗುರ ಹಿಗ್ಗಿ ಸಮಭಾಜಕದ ಕಡೆಗೆ ಸರಿಯುತ್ತದೆ.

ಕೆನಡಾ, ನಾರ್ವೆ, ಸ್ಕಾಟ್‌ಲೆಂಡ್‌ಗಳ ಹ್ಯಾಮ್‌ಗಳಿಗೆ ಈ ನಕ್ಷೆ ನೇರವಾಗಿ ನೆರವಾಗುತ್ತದೆ. ಸಾಮಾನ್ಯವಾಗಿ ದೃಷ್ಟಿಯ ಅಳತೆಗಿಂತ ಹೆಚ್ಚು ದೂರ ಹೋಗದ 144 ಮೆಗಾಹರ್ಟ್ಸ್ ತರಂಗಗಳು ಧ್ರುವಪ್ರಭೆಯ ಅಯಾನೀಕೃತ ಪರದೆಗೆ ತಾಗಿ ಹಿಂದಿರುಗುತ್ತವೆ. ಇಬ್ಬರು ಹ್ಯಾಮ್‌ಗಳು ಪರಸ್ಪರರ ಕಡೆಗಲ್ಲದೆ ಉತ್ತರಕ್ಕೆ ಆಂಟೆನಾ ತಿರುಗಿಸಿ ನೂರಾರು ಕಿಲೋಮೀಟರ್ ದೂರ ಮಾತನಾಡಬಲ್ಲರು. ಪರದೆ ಚಲಿಸುತ್ತಿರುವುದರಿಂದ ಮೋರ್ಸ್ ಸಂಕೇತದ ಸ್ವರ ಒಡೆದು ಬುಸುಗುಟ್ಟಿದಂತೆ ಕೇಳುತ್ತದೆ. ಉಂಗುರ ತಮ್ಮ ಊರಿನತ್ತ ಬರುತ್ತಿದೆಯೇ ಎಂದು ತಿಳಿಯುವುದೇ ಅವರಿಗೆ ಬೇಕಾದ ಮಾಹಿತಿ. ಅದನ್ನು ನಕ್ಷೆ ಚೆನ್ನಾಗಿ ಕೊಡುತ್ತದೆ.

ಬೆಂಗಳೂರಿಗೂ ಉಂಗುರಕ್ಕೂ ಇರುವ ನಂಟು

ಬೆಂಗಳೂರಿನ ಹ್ಯಾಮ್‌ಗೆ ಇಂಥ ಅವಕಾಶವಿಲ್ಲ. ಆದರೆ ಆತ 14 ಮೆಗಾಹರ್ಟ್ಸ್‌ನಂಥ ಷಾರ್ಟ್‌ವೇವ್ ತರಂಗಗಳಲ್ಲಿ ಅಮೆರಿಕದೊಂದಿಗೆ ಮಾತನಾಡಬಯಸಿದರೆ ಧ್ರುವಪ್ರಭೆಯ ಉಂಗುರ ಅಡ್ಡ ಬರುತ್ತದೆ. ಶಾಲೆಯ ಗೋಡೆಯ ಮೇಲಿನ ಚಪ್ಪಟೆ ಭೂಪಟವನ್ನು ನೋಡಿದರೆ ಇದು ತಿಳಿಯುವುದಿಲ್ಲ. ರೇಡಿಯೋ ತರಂಗ ಗೋಳದ ಮೇಲಿನ ಅತಿ ಹತ್ತಿರದ ದಾರಿಯನ್ನು, ಎಂದರೆ ಮಹಾವೃತ್ತವನ್ನು, ಅನುಸರಿಸುತ್ತದೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಮಹಾವೃತ್ತದ ಮೇಲೆ ದೂರ ಸುಮಾರು 14,000 ಕಿ.ಮೀ. ಹೊರಡುವ ದಿಕ್ಕು ಪೂರ್ವವೂ ಅಲ್ಲ, ಪಶ್ಚಿಮವೂ ಅಲ್ಲ. ಉತ್ತರದಿಂದ ಪೂರ್ವಕ್ಕೆ ಕೇವಲ 20 ಡಿಗ್ರಿ ವಾಲಿದ ದಿಕ್ಕು. ವಿಜಯನಗರದ ತಾರಸಿಯಲ್ಲಿ ನಿಂತು ಹೇಳುವುದಾದರೆ ಹೆಚ್ಚುಕಡಿಮೆ ಯಶವಂತಪುರದ ಕಡೆ. ಆ ದಾರಿ ಚೀನಾ, ಸೈಬೀರಿಯಗಳನ್ನು ದಾಟಿ 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರಿ, ಅಲಾಸ್ಕದ ಮೂಲಕ ಕೆಳಗಿಳಿಯುತ್ತದೆ. ನ್ಯೂಯಾರ್ಕಿನ ದಾರಿ ಉತ್ತರದಿಂದ ಪಶ್ಚಿಮಕ್ಕೆ ಸುಮಾರು 25 ಡಿಗ್ರಿ, ಅಂದರೆ ಪೀಣ್ಯದ ಕಡೆ ಹೊರಟು, ಐಸ್‌ಲ್ಯಾಂಡ್ ಮತ್ತು ಗ್ರೀನ್‌ಲ್ಯಾಂಡಿನ ದಕ್ಷಿಣ ತುದಿಯನ್ನು ಹಾದುಹೋಗುತ್ತದೆ. ಅಲಾಸ್ಕ, ಐಸ್‌ಲ್ಯಾಂಡ್ ಎರಡೂ ಧ್ರುವಪ್ರಭೆಗೆ ಹೆಸರಾದ ನಾಡುಗಳು. ಹೀಗೆ ಎರಡು ದಾರಿಗಳೂ ಉಂಗುರದೊಳಗೇ ಬಹುದೂರ ಸಾಗುತ್ತವೆ.

ಲಂಡನ್ನಿನ ದಾರಿ ಹಾಗಲ್ಲ. ಅದು ಇರಾನ್, ಕಪ್ಪು ಸಮುದ್ರ, ಮಧ್ಯ ಯುರೋಪುಗಳ ಮೇಲೆ ಹೋಗುವುದರಿಂದ ಸಾಮಾನ್ಯ ದಿನಗಳಲ್ಲಿ ಉಂಗುರದಿಂದ ದೂರವೇ ಉಳಿಯುತ್ತದೆ. ಲಂಡನ್ ಸ್ಪಷ್ಟವಾಗಿ ಕೇಳುತ್ತಿದ್ದು ಕ್ಯಾಲಿಫೋರ್ನಿಯ ಮಾತ್ರ ಕೇಳದೇ ಹೋದರೆ, ರೇಡಿಯೋವನ್ನು ಬಿಚ್ಚುವ ಮುನ್ನ ನಕ್ಷೆಯ ಮೇಲೆ ಒಂದು ಗೆರೆ ಎಳೆದು ನೋಡುವುದು ಒಳ್ಳೆಯದು. ನಕ್ಷೆಯ ದೊಡ್ಡ ಕೊರತೆ ಇಲ್ಲಿಯೇ ಇದೆ: ಅದರಲ್ಲಿ ಈ ಗೆರೆ ಇರುವುದಿಲ್ಲ. ಅದು ಸ್ಥಳಗಳನ್ನು ತೋರಿಸುತ್ತದೆ, ಹ್ಯಾಮ್‌ಗೆ ಬೇಕಾದ ದಾರಿಗಳನ್ನು ತೋರಿಸುವುದಿಲ್ಲ.

ಇನ್ನೂ ಮೂರು ಕೊರತೆಗಳು

ಮೊದಲನೆಯದು, ಬೆಳಕಿಗೂ ರೇಡಿಯೋ ತರಂಗದ ನಷ್ಟಕ್ಕೂ ಇರುವ ವ್ಯತ್ಯಾಸ. ಕಣ್ಣಿಗೆ ಕಾಣುವ ಧ್ರುವಪ್ರಭೆಯ ಹೆಚ್ಚಿನ ಭಾಗ ಮೂಡುವುದು 100 ಕಿ.ಮೀ.ಗಿಂತ ಮೇಲೆ. ಷಾರ್ಟ್‌ವೇವ್ ತರಂಗಗಳನ್ನು ಹೀರಿಕೊಳ್ಳುವುದು ಅದಕ್ಕಿಂತ ಕೆಳಗಿನ, 90 ಕಿ.ಮೀ.ಗಿಂತ ಕಡಿಮೆ ಎತ್ತರದ ಡಿ ಪದರ. ಅಷ್ಟು ಕೆಳಕ್ಕೆ ಇಳಿಯಲು ಎಲೆಕ್ಟ್ರಾನ್‌ಗಳಿಗೆ ಹೆಚ್ಚು ಶಕ್ತಿ ಬೇಕು. ಓವೇಷನ್‌ಗೆ ಆಧಾರವಾದ ಉಪಗ್ರಹದ ಉಪಕರಣಗಳು ಅಳೆದದ್ದು 30 ಸಾವಿರ ಎಲೆಕ್ಟ್ರಾನ್‌ವೋಲ್ಟ್‌ವರೆಗಿನ ಕಣಗಳನ್ನು ಮಾತ್ರ. ಡಿ ಪದರವನ್ನು ಕದಡುವ ಕಣಗಳಲ್ಲಿ ಬಹುಪಾಲು ಇದಕ್ಕಿಂತ ಹೆಚ್ಚು ಶಕ್ತಿಯವು. ಆದ್ದರಿಂದ ನಕ್ಷೆಯ ಬಣ್ಣ ತೊಂದರೆಯ ಸುಳಿವು ಕೊಟ್ಟೀತೇ ಹೊರತು ಅದರ ಪ್ರಮಾಣವನ್ನು ಹೇಳಲಾರದು.

ಎರಡನೆಯದು ಕಾಲಕ್ಕೆ ಸಂಬಂಧಿಸಿದ್ದು. ದೊಡ್ಡ ಬಿರುಗಾಳಿಯ ನಂತರ ಉನ್ನತ ಮತ್ತು ಮಧ್ಯ ಅಕ್ಷಾಂಶಗಳಲ್ಲಿ ಎಫ್ ಪದರದ ಎಲೆಕ್ಟ್ರಾನ್ ಸಾಂದ್ರತೆ ಕುಸಿದು, ಚೇತರಿಸಿಕೊಳ್ಳಲು ಒಂದೆರಡು ದಿನ ಹಿಡಿಯುವುದುಂಟು. ಧ್ರುವಪ್ರಭೆ ಮಾಯವಾಗಿ ನಕ್ಷೆ ಶಾಂತವಾದ ಮೇಲೂ ದಾರಿ ಮುಚ್ಚಿಯೇ ಇರಬಹುದು. ಮುಂದಿನ ಒಂದೂವರೆ ಗಂಟೆಯನ್ನಷ್ಟೇ ನೋಡುವ ನಕ್ಷೆಗೆ ನಿನ್ನೆಯ ಬಿರುಗಾಳಿಯ ನೆನಪಿರುವುದಿಲ್ಲ.

ಮೂರನೆಯದು ನಮಗೆ ಎಲ್ಲಕ್ಕಿಂತ ಮುಖ್ಯ. ದಕ್ಷಿಣ ಭಾರತದ ಮೇಲೆ ನಕ್ಷೆ ಯಾವ ಬಣ್ಣವನ್ನೂ ತೋರಿಸುವುದಿಲ್ಲ. ಬಣ್ಣವಿಲ್ಲ ಎಂದರೆ ಅಲ್ಲಿ ಲೆಕ್ಕವೇ ನಡೆದಿಲ್ಲ ಎಂದು ತಿಳಿಯಬೇಕು, ಅಯಾನುಗೋಳ ಶಾಂತವಾಗಿದೆ ಎಂದಲ್ಲ. ಕಾಂತೀಯ ಸಮಭಾಜಕ ವೃತ್ತ ಭಾರತದ ದಕ್ಷಿಣ ತುದಿಯ ಬಳಿ ಹಾದುಹೋಗುತ್ತದೆ. ನಮ್ಮ ಮೊದಲ ರಾಕೆಟ್ ಉಡಾವಣಾ ಕೇಂದ್ರಕ್ಕೆ ಕೇರಳದ ತುಂಬಾ ಗ್ರಾಮವನ್ನು ಆಯ್ದುಕೊಂಡದ್ದು ಅದು ಈ ವೃತ್ತಕ್ಕೆ ಹತ್ತಿರವಿದ್ದ ಕಾರಣಕ್ಕೆ. ಇಲ್ಲಿ ಹಗಲಿನಲ್ಲಿ ಎಲೆಕ್ಟ್ರಾನ್‌ಗಳು ಕಾರಂಜಿಯಂತೆ ಮೇಲೇರಿ ಉತ್ತರ ದಕ್ಷಿಣಗಳಿಗೆ ಹಂಚಿಹೋಗುತ್ತವೆ. ಸೂರ್ಯಾಸ್ತದ ನಂತರ ಎಫ್ ಪದರದಲ್ಲಿ ಸಾಂದ್ರತೆ ಕಡಿಮೆಯಿರುವ ಗುಳ್ಳೆಗಳು ಎದ್ದು ರೇಡಿಯೋ ಧ್ವನಿ ಅದುರುತ್ತದೆ. ಉಪಗ್ರಹ ಸಂಕೇತಗಳೂ ಮಿನುಗುತ್ತವೆ. ಕಾಂತೀಯ ಬಿರುಗಾಳಿಯ ವಿದ್ಯುತ್‌ಕ್ಷೇತ್ರ ಧ್ರುವಪ್ರದೇಶದಿಂದ ಸಮಭಾಜಕದವರೆಗೆ ಕೆಲವೇ ನಿಮಿಷಗಳಲ್ಲಿ ತಲುಪಿ ಈ ಗುಳ್ಳೆಗಳನ್ನು ಹೆಚ್ಚಿಸಲೂಬಹುದು, ಅಡಗಿಸಲೂಬಹುದು. ಯಾವುದು ನಡೆಯುತ್ತದೆ ಎಂಬುದು ಬಿರುಗಾಳಿ ಬಂದಾಗ ನಮ್ಮಲ್ಲಿ ಎಷ್ಟು ಹೊತ್ತಾಗಿತ್ತು ಎಂಬುದನ್ನೂ ಅವಲಂಬಿಸಿದೆ.

2024ರ ಮೇ 10 ಮತ್ತು 11ರ ಮಹಾ ಬಿರುಗಾಳಿಯನ್ನು ಉದಾಹರಣೆಯಾಗಿ ನೋಡಬಹುದು. ಕಾಂತೀಯ ಕ್ಷೋಭೆಯನ್ನು ಅಳೆಯುವ ಕೆಪಿ ಸೂಚ್ಯಂಕ ಅಂದು ಅದರ ಗರಿಷ್ಠ ಬೆಲೆಯಾದ 9ನ್ನು ಮುಟ್ಟಿತು. ಲಡಾಖಿನ ಹಾನ್ಲೆಯಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯದ ಕ್ಯಾಮೆರಾಗಳು ಆಕಾಶದಲ್ಲಿ ಕೆಂಪು ಹೊಳಪನ್ನು ದಾಖಲಿಸಿದವು. ಅದರ ನಡುವೆಯೇ 11ರ ಬೆಳಿಗ್ಗೆ ನಮ್ಮ ಕಾಲಮಾನ 6 ಗಂಟೆ 53 ನಿಮಿಷಕ್ಕೆ ಎಕ್ಸ್-5.8 ದರ್ಜೆಯ ಸೌರಜ್ವಾಲೆಯೊಂದು ಶಿಖರ ಮುಟ್ಟಿತು. ಸೌರಜ್ವಾಲೆಯ ಎಕ್ಸ್-ಕಿರಣಗಳು ಎಂಟು ನಿಮಿಷದಲ್ಲಿ ಭೂಮಿಯನ್ನು ತಲುಪಿ, ಹಗಲಿರುವ ಅರ್ಧಗೋಳದಲ್ಲಿ ಡಿ ಪದರವನ್ನು ದಟ್ಟಗೊಳಿಸುತ್ತವೆ. ಈ ಪರಿಣಾಮವೂ ಧ್ರುವಪ್ರಭೆಯ ನಕ್ಷೆಯಲ್ಲಿ ಕಾಣುವುದಿಲ್ಲ. ಅದಕ್ಕೆ ನೋವಾ ಸಂಸ್ಥೆಯದೇ ಇನ್ನೊಂದು ನಕ್ಷೆ, ಡಿ ಪದರದ ಹೀರಿಕೆಯನ್ನು ತೋರಿಸುವ ಡಿ-ರ್‍ಯಾಪ್, ಇದೆ. ಅದು ಇಡೀ ಭೂಮಿಯನ್ನು, ಭಾರತವನ್ನೂ ಸೇರಿಸಿ, ಒಳಗೊಂಡಿದೆ. ಬಣ್ಣದ ಸೊಬಗಿನಲ್ಲಿ ಹಿಂದುಳಿದರೂ ಹಗಲು ಹೊತ್ತಿನ ಬಳಕೆಗೆ ನಮ್ಮ ಹ್ಯಾಮ್‌ಗೆ ಹೆಚ್ಚು ಉಪಯೋಗಿ ಇದೇ.

ನಮಗೆ ಬೇಕಾದ ನಕ್ಷೆ

ಇದು ಬರೀ ಹವ್ಯಾಸದ ಪ್ರಶ್ನೆಯಲ್ಲ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಅಂಡಮಾನಿನ ಸಂಪರ್ಕ ವ್ಯವಸ್ಥೆ ಕಡಿದುಹೋದಾಗ, ಪೋರ್ಟ್‌ಬ್ಲೇರ್‌ನಲ್ಲಿದ್ದ ಹ್ಯಾಮ್‌ಗಳ ತಂಡ ಷಾರ್ಟ್‌ವೇವ್ ಮೂಲಕ ಸುದ್ದಿ ಮುಟ್ಟಿಸಿತು. ಪೋರ್ಟ್‌ಬ್ಲೇರ್‌ನಿಂದ ಬೆಂಗಳೂರಿಗೆ ಸುಮಾರು 1,650 ಕಿ.ಮೀ. ಆ ದಾರಿ ಪೂರ್ತಿಯಾಗಿ ಕಾಂತೀಯ ಸಮಭಾಜಕದ ನೆರೆಯಲ್ಲಿದೆ. ಇನ್ನೊಮ್ಮೆ ಅಂಥ ಸಂದರ್ಭ ಬಂದು ಧ್ವನಿ ಕೇಳದೇ ಹೋದರೆ, ದೋಷ ಯಂತ್ರದಲ್ಲಿದೆಯೋ ಆಕಾಶದಲ್ಲಿದೆಯೋ, ಬೇರೆ ಆವೃತ್ತಿಗೆ ಹೋಗಬೇಕೋ ಕಾಯಬೇಕೋ ಎಂಬುದನ್ನು ಬೇಗ ತೀರ್ಮಾನಿಸಬೇಕಾಗುತ್ತದೆ. ಧ್ರುವಪ್ರಭೆಯ ನಕ್ಷೆ ಇಲ್ಲಿ ಏನೂ ಹೇಳಲಾರದು.

ನಮಗೆ ಬೇಕಾದ ನಕ್ಷೆಯ ಮಧ್ಯದಲ್ಲಿ ಬೆಂಗಳೂರಿರಬೇಕು. ಪ್ರಮುಖ ಊರುಗಳಿಗೆ ಮಹಾವೃತ್ತದ ಗೆರೆಗಳಿರಬೇಕು. ಧ್ರುವಪ್ರಭೆಯ ಉಂಗುರ, ಡಿ ಪದರದ ಹೀರಿಕೆ, ಸಮಭಾಜಕ ಪ್ರದೇಶದ ಅಯಾನುಗೋಳದ ಸ್ಥಿತಿ ಮೂರನ್ನೂ ಒಟ್ಟಿಗೆ ತೋರಿಸಬೇಕು. ವೇಳೆ ಭಾರತೀಯ ಕಾಲಮಾನದಲ್ಲಿರಬೇಕು. ಜಾಗತಿಕ ಕಾಲಮಾನಕ್ಕೆ ಐದೂವರೆ ಗಂಟೆ ಕೂಡಿಸುವಾಗ ತಾರೀಖು ತಪ್ಪುವುದು ಅಪರೂಪವೇನಲ್ಲ. ಇದಕ್ಕೆ ಬೇಕಾದ ಸಾಮಗ್ರಿ ದೂರದ ದೇಶದಲ್ಲಷ್ಟೇ ಇಲ್ಲ. 2023ರ ಸೆಪ್ಟೆಂಬರ್ 2ರಂದು ಹಾರಿ 2024ರ ಜನವರಿ 6ರಂದು ಎಲ್-1 ಸುತ್ತಲಿನ ಕಕ್ಷೆ ಸೇರಿದ ಆದಿತ್ಯ-ಎಲ್1 ಸೌರ ಮಾರುತವನ್ನು ಅಳೆಯುತ್ತದೆ. ಅದನ್ನು ನಿಯಂತ್ರಿಸುವ ಇಸ್ರೋದ ಇಸ್‌ಟ್ರಾಕ್ ಕೇಂದ್ರ ಇರುವುದು ರಾಜಾಜಿನಗರದ ಪಕ್ಕದ ಪೀಣ್ಯದಲ್ಲಿ. ಮಾಹಿತಿಯನ್ನು ಸಂಗ್ರಹಿಸಿಡುವುದು ಕೆಂಗೇರಿಯ ಆಚೆಗಿನ ಬ್ಯಾಲಾಳುವಿನಲ್ಲಿ. ವಿಮಾನಗಳ ಸಲುವಾಗಿ ರೂಪಿಸಿದ ಗಗನ್ ವ್ಯವಸ್ಥೆ ಭಾರತದ ಮೇಲಿನ ಅಯಾನುಗೋಳದಿಂದಾಗುವ ವಿಳಂಬವನ್ನು 5 ಡಿಗ್ರಿ ಅಂತರದ ಚೌಕಗಳಲ್ಲಿ ಲೆಕ್ಕಹಾಕಿ ಪ್ರಸಾರ ಮಾಡುತ್ತದೆ. ಇವನ್ನು ಒಂದೆಡೆ ಹೆಣೆಯುವ ಕೆಲಸ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಯೋಜನೆಗೆ ಒಳ್ಳೆಯ ವಿಷಯವಾದೀತು.

ಅಲ್ಲಿಯವರೆಗೆ ಶಾಲೆಯಲ್ಲಿ ಮಾಡಬಹುದಾದ ಸರಳ ಪ್ರಯೋಗವೊಂದಿದೆ. ಒಂದು ಗೋಳ ತೆಗೆದುಕೊಳ್ಳಿ. ವಾಯವ್ಯ ಗ್ರೀನ್‌ಲ್ಯಾಂಡನ್ನು ಕೇಂದ್ರವಾಗಿಟ್ಟುಕೊಂಡು, 24 ಅಕ್ಷಾಂಶ ಡಿಗ್ರಿಗಳಷ್ಟು ಅಂತರದಲ್ಲಿ ಸೀಮೆಸುಣ್ಣದಿಂದ ಒಂದು ವೃತ್ತ ಎಳೆಯಿರಿ. ಇದು ಧ್ರುವಪ್ರಭೆ ಸಾಮಾನ್ಯವಾಗಿ ಕಾಣುವ ವಲಯದ ಸ್ಥೂಲ ಚಿತ್ರ. ಈಗ ಬೆಂಗಳೂರಿನಿಂದ ಲಂಡನ್, ನ್ಯೂಯಾರ್ಕ್, ಸ್ಯಾನ್ ಫ್ರಾನ್ಸಿಸ್ಕೋ, ಪೋರ್ಟ್‌ಬ್ಲೇರ್‌ಗಳಿಗೆ ದಾರವನ್ನು ಬಿಗಿಯಾಗಿ ಹಿಡಿಯಿರಿ. ಯಾವ ದಾರ ವೃತ್ತವನ್ನು ಮುಟ್ಟುತ್ತದೆ, ಯಾವುದು ಮುಟ್ಟುವುದಿಲ್ಲ ಎಂಬುದನ್ನು ವಿದ್ಯಾರ್ಥಿಗಳೇ ಪಟ್ಟಿ ಮಾಡಲಿ. ಮುಟ್ಟದ ದಾರಗಳ ಬಗ್ಗೆ ನಕ್ಷೆ ಏನು ಹೇಳುತ್ತದೆ ಎಂದು ಆಮೇಲೆ ಕೇಳಿ. ‘ತೊಂದರೆಯಿಲ್ಲ ಎನ್ನುತ್ತದೆ’ ಎಂಬ ಉತ್ತರ ಬಂದರೆ ಪಾಠವನ್ನು ಇನ್ನಷ್ಟು ಮುಂದುವರಿಸಬೇಕು. ‘ಏನೂ ಹೇಳುವುದಿಲ್ಲ’ ಎಂದರೆ ವಿದ್ಯಾರ್ಥಿಗಳಿಗೆ ನಕ್ಷೆ ಓದಲು ಬಂದಿದೆ ಎಂದು ತಿಳಿಯಬಹುದು.