ಸೆರೆಯ ನೆನಪು, ನ್ಯಾಯದ ನೆನಪು

ಹದಿನೆಂಟನೆಯ ಶತಮಾನದ ಭಾರತವನ್ನು ಕುರಿತು ಆಂಗ್ಲರು ಬರೆದ ಗ್ರಂಥಗಳು ಹೇರಳವಾಗಿವೆ. ಅವುಗಳಲ್ಲಿ ಬಹುಪಾಲು ಸೇನಾನಿಗಳ ಹಾಗೂ ಅಧಿಕಾರಿಗಳ ಬರಹಗಳು. ಎಲೈಜಾ ಫೇ ಎಂಬಾಕೆಯ ಪತ್ರಸಂಗ್ರಹ ಆ ಸಾಲಿಗೆ ಸೇರದು. ಆಕೆಗೆ ಪದವಿಯೂ ಇರಲಿಲ್ಲ, ಸಿರಿಯೂ ಇರಲಿಲ್ಲ. ಇದ್ದುದು ಚುರುಕಾದ ಕಣ್ಣು, ಅಷ್ಟೇ ಹರಿತವಾದ ನಾಲಿಗೆ.

1779ರಲ್ಲಿ ಆಕೆ ವಕೀಲನಾದ ಪತಿಯೊಡನೆ ಫ್ರಾನ್ಸ್, ಈಜಿಪ್ಟ್ ದೇಶಗಳನ್ನು ಹಾದು, ಸುಯೆಜ್‌ನಲ್ಲಿ ಹಡಗನ್ನೇರಿ ಕಲ್ಲಿಕೋಟೆಗೆ ಬಂದಳು. ಆ ಬಂದರು ಆಗ ಹೈದರಾಲಿಯ ವಶದಲ್ಲಿತ್ತು. 1763ರಲ್ಲಿ ಬಿದನೂರು ಆತನ ಕೈಸೇರಿದ ಮೇಲೆ ಉಡುಪಿ, ಕಾಪು, ಕಾರ್ಕಳಗಳ ಈ ನಾಡೂ ಅದೇ ಆಳ್ವಿಕೆಗೆ ಒಳಪಟ್ಟಿತ್ತು. ಕಲ್ಲಿಕೋಟೆಯಲ್ಲಿ ದಂಪತಿಗಳು ಸೆರೆಯಾದರು. ಬಿಡುಗಡೆ ದೊರೆತದ್ದು 1780ರ ಫೆಬ್ರವರಿಯಲ್ಲಿ.

ಈ ಸೆರೆಯ ಪತ್ರಗಳೇ ಕೃತಿಯ ಜೀವಾಳ. ಆಕೆಯನ್ನು ಹೆಚ್ಚು ಕಾಡಿದವನು ಹೈದರನ ಸೇವೆಯಲ್ಲಿದ್ದ ಏಯರ್ಸ್ ಎಂಬ ಆಂಗ್ಲ. ಬಿಡುಗಡೆಗೆ ನೆರವಾದವನು ಐಸಾಕ್ ಎಂಬ ಯೆಹೂದಿ ವರ್ತಕ. ಸ್ವದೇಶದವನೆಂದು ಆಕೆ ಒಬ್ಬನ ಕೇಡನ್ನು ಮುಚ್ಚಿಡಲಿಲ್ಲ; ಅನ್ಯನೆಂದು ಇನ್ನೊಬ್ಬನ ಉಪಕಾರವನ್ನು ಮರೆಯಲಿಲ್ಲ.

ಕೃತಿಯಲ್ಲಿ ದೋಷಗಳಿಲ್ಲವೆಂದಲ್ಲ. ಭಾರತೀಯರ ಬಗೆಗಿನ ಆಕೆಯ ಮಾತುಗಳಲ್ಲಿ ಆ ಕಾಲದ ಪೂರ್ವಗ್ರಹ ಢಾಳಾಗಿದೆ. ಸಹಪ್ರಯಾಣಿಕರನ್ನು ಅಳೆಯುವಾಗ ಕನಿಕರ ಕಡಿಮೆ. ಆದರೂ ಸತಿಪದ್ಧತಿಯನ್ನು ಕುರಿತು ಬರೆಯುವಾಗ, ಗೌರವಕ್ಕೆ ಅದೇ ಕಟ್ಟಳೆಯಾಗಿದ್ದರೆ ಇಂಗ್ಲೆಂಡಿನ ಹೆಂಗಸರೂ ಚಿತೆಯೇರುತ್ತಿದ್ದರೆಂದು ಹೇಳಿ, ತನ್ನ ಸಮಾಜಕ್ಕೇ ಕನ್ನಡಿ ಹಿಡಿಯುತ್ತಾಳೆ.

ಮುಂದೆ ಪತಿಯಿಂದ ಬೇರೆಯಾಗಿ, ಕಲ್ಕತ್ತೆಯಲ್ಲಿ ಸ್ತ್ರೀಯರ ಉಡುಪುಗಳ ಅಂಗಡಿಯಿಟ್ಟು ದಿವಾಳಿಯಾದಳು. 1816ರಲ್ಲಿ ಅದೇ ನಗರದಲ್ಲಿ ಸಾಲದ ನಡುವೆಯೇ ಕಣ್ಮುಚ್ಚಿದಳು. ಮರುವರ್ಷ ಪತ್ರಗಳು ಅಚ್ಚಾದವು, 1925ರಲ್ಲಿ ಇ. ಎಂ. ಫಾರ್ಸ್ಟರ್ ಅವುಗಳನ್ನು ಸಂಪಾದಿಸಿ ಮರಳಿ ಬೆಳಕಿಗೆ ತಂದರು.

ಆಕೆಯ ಬಿಡುಗಡೆಯಾದ ನಾಲ್ಕು ವರ್ಷಗಳಿಗೆ, 1784ರಲ್ಲಿ, ಟಿಪ್ಪುವಿನ ಆಜ್ಞೆಯಂತೆ ಕರಾವಳಿಯ ಕ್ರೈಸ್ತರು ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ನಡೆದರು. ಆ ನೋವಿನ ನೆನಪು ನಮ್ಮ ಕುಟುಂಬಗಳಲ್ಲಿ ಇಂದಿಗೂ ಉಳಿದಿದೆ. ಅದನ್ನು ಮಕ್ಕಳಿಗೆ ಹೇಳಲೇಬೇಕು. ಆದರೆ ಹೇಗೆ? ಅನ್ಯಾಯವನ್ನು ಅನ್ಯಾಯವೆಂದೇ ಕರೆಯೋಣ. ಅದರ ಹೊಣೆಯನ್ನು ಇಂದಿನ ನೆರೆಯವರ ತಲೆಗೆ ಕಟ್ಟದಿರೋಣ. ಮನುಷ್ಯನನ್ನು ಅವನ ಕುಲದಿಂದಲ್ಲ, ಕೃತ್ಯದಿಂದ ಅಳೆಯಬೇಕೆಂಬುದಕ್ಕೆ ಈ ಪತ್ರಗಳಿಗಿಂತ ಬೇರೆ ಸಾಕ್ಷಿ ಬೇಕೆ?