ಖಾಲಿ ಇದ್ದೂ ತುಂಬಿದ ಡಿಸ್ಕ್: ಬಿಟಿಆರ್‌ಎಫ್‌ಎಸ್ ವರದಿಗೆ ಸಾಲುಸಾಲಿನ ವ್ಯಾಖ್ಯಾನ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂಥ ಊರುಗಳ ಫೋಟೊ ಸ್ಟುಡಿಯೊಗಳಲ್ಲಿ ಮದುವೆಗಳ ಕಾಲ ಬಂತೆಂದರೆ ವಿಡಿಯೊ ಫೈಲುಗಳು ರಾಶಿ ಬೀಳುತ್ತವೆ. ಕೈಯಲ್ಲಿ ಹಣ ಕೂಡಿದಂತೆ ಒಂದೊಂದೇ ಡಿಸ್ಕ್ ಕೊಂಡರೆ ಅಳತೆ ಒಂದೇ ಆಗಿರುವುದಿಲ್ಲ. ಅಂಥವನ್ನು ಒಟ್ಟುಗೂಡಿಸಿ ಬಳಸಲು ಬಿಟಿಆರ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಮ್ ಒಳ್ಳೆಯ ದಾರಿ. 2009ರಲ್ಲಿ ಲಿನಕ್ಸ್ ಕರ್ನೆಲ್ 2.6.29ರ ಜೊತೆ ಅದು ಬಂತು. ತಲಾ 2 ಟಿಬಿಯ ಎರಡು ಡಿಸ್ಕ್ ಪೂರ್ತಿ ತುಂಬಿದ ಮೇಲೆ 4 ಟಿಬಿಯ ಮೂರನೆಯದನ್ನು ಸೇರಿಸಿದ್ದೇವೆ ಎಂದುಕೊಳ್ಳೋಣ. ಆಗ ‘ಫೈಲ್‌ಸಿಸ್ಟಮ್ ಯೂಸೇಜ್’ ಆಜ್ಞೆ ತೋರಿಸುವ ಮುಖ್ಯ ಸಾಲುಗಳು ದುಂಡು ಅಂಕಿಗಳಲ್ಲಿ ಹೀಗಿರುತ್ತವೆ.

ಡಿವೈಸ್ ಸೈಜ್: 8 ಟಿಬಿ

ಮೂರೂ ಡಿಸ್ಕ್‌ಗಳ ಬರಿ ಮೊತ್ತ. ಇಷ್ಟೂ ಜಾಗದಲ್ಲಿ ಫೈಲ್ ಇಡಬಹುದೆಂದು ಇದರ ಅರ್ಥವಲ್ಲ.

ಡೇಟಾ ರೇಶಿಯೊ: 2.00

ಇಲ್ಲಿ ಬಳಸಿರುವ ರೇಡ್1 ವಿಧಾನದಲ್ಲಿ ಪ್ರತಿ ತುಣುಕಿಗೂ ಎರಡು ಪ್ರತಿ. ಡಿಸ್ಕ್ ಎಷ್ಟೇ ಇದ್ದರೂ ಪ್ರತಿಗಳು ಎರಡೇ, ಮತ್ತು ಅವು ಬೇರೆ ಬೇರೆ ಡಿಸ್ಕ್‌ನಲ್ಲೇ ಇರಬೇಕು. ಒಂದು ಡಿಸ್ಕ್ ಕೆಟ್ಟರೆ ಇನ್ನೊಂದರ ಪ್ರತಿ ಉಳಿಸುತ್ತದೆ. ಕೈತಪ್ಪಿ ಅಳಿಸಿದ ಫೈಲ್ ಮಾತ್ರ ಎರಡೂ ಕಡೆ ಹೋಗುತ್ತದೆ. ಬ್ಯಾಕಪ್ ಬೇರೆಯೇ ಬೇಕು.

ಅನ್‌ಅಲೊಕೇಟೆಡ್: ಮೊದಲನೆಯದು 0, ಎರಡನೆಯದು 0, ಮೂರನೆಯದು 4 ಟಿಬಿ

ವರದಿಯ ಜೀವಾಳ ಇಲ್ಲಿದೆ. ಬಿಟಿಆರ್‌ಎಫ್‌ಎಸ್ ಡೇಟಾಕ್ಕೆ ಜಾಗವನ್ನು ಸಾಮಾನ್ಯವಾಗಿ 1 ಜಿಬಿಯ ಚಂಕ್‌ಗಳಾಗಿ ಮೀಸಲಿಡುತ್ತದೆ. ಪ್ರತಿ ಸಲ ಯಾವ ಎರಡು ಡಿಸ್ಕ್‌ಗಳಲ್ಲಿ ಮೀಸಲಾಗದ ಜಾಗ ಹೆಚ್ಚಿದೆಯೋ ಅವನ್ನೇ ಆರಿಸುತ್ತದೆ. ಇಲ್ಲಿ ಜಾಗವಿರುವುದು ಒಂದರಲ್ಲೇ. ಎಷ್ಟೇ ಕಸುವಿನ ಎತ್ತಾದರೂ ಜೋಡಿಯಿಲ್ಲದೆ ನೇಗಿಲು ಎಳೆಯಲಾರದು; 4 ಟಿಬಿಯ ಡಿಸ್ಕ್‌ನ ಸ್ಥಿತಿಯೂ ಅದೇ.

ಫ್ರೀ (ಎಸ್ಟಿಮೇಟೆಡ್): 2 ಟಿಬಿ

ಹೆಚ್ಚಿನವರು ಮೋಸಹೋಗುವುದು ಈ ಸಾಲಿಗೆ. ಉಳಿದ 4 ಟಿಬಿಯನ್ನು ರೇಶಿಯೊ ಎರಡರಿಂದ ಭಾಗಿಸಿದ ಅಂದಾಜು ಇದು. ಜೋಡಿ ಸಿಗುತ್ತದೆಯೇ ಎಂದು ಅದು ನೋಡುವುದಿಲ್ಲ.

ಫ್ರೀ (ಸ್ಟ್ಯಾಟ್‌ಎಫ್‌ಎಸ್, ಡಿಎಫ್): 0

ಹೊಸ ಆವೃತ್ತಿಗಳು ತೋರಿಸುವ ಸಾಲು. ಇದು ಡಿಸ್ಕ್‌ಗಳನ್ನು ಜೋಡಿಸಿ ನೋಡಿ ಲೆಕ್ಕ ಹಾಕುತ್ತದೆ. ಈ ಎರಡು ಸಾಲುಗಳ ಅಂಕಿ ತೀರಾ ದೂರವಾದರೆ ಜಾಗ ಹಂಚಿಕೆ ಓರೆಯಾಗಿದೆ ಎಂದು ತಿಳಿಯಿರಿ.

ಪರಿಹಾರದ ಸಾಲು: ಬ್ಯಾಲೆನ್ಸ್ ಸ್ಟಾರ್ಟ್

ಈ ಆಜ್ಞೆ ಹಳೆಯ ಚಂಕ್‌ಗಳನ್ನು ಒಂದೊಂದಾಗಿ ಮತ್ತೆ ಬರೆಯುತ್ತದೆ. ಎಲ್ಲ ಮುಗಿದಾಗ ದೊಡ್ಡ ಡಿಸ್ಕ್‌ನಲ್ಲಿ 2 ಟಿಬಿ, ಹಳೆಯ ಎರಡರಲ್ಲಿ ತಲಾ 1 ಟಿಬಿ ತುಂಬಿರುತ್ತದೆ. ಇನ್ನೂ 2 ಟಿಬಿಯ ಫೈಲುಗಳಿಗೆ ನಿಜವಾದ ಜಾಗ ತೆರೆಯುತ್ತದೆ. ನಡುವೆ ಕರೆಂಟ್ ಹೋದರೂ ಹೊಸ ಪ್ರತಿ ಗಟ್ಟಿಯಾಗುವವರೆಗೆ ಹಳೆಯದು ಉಳಿದೇ ಇರುತ್ತದೆ. ಮತ್ತೆ ಮೌಂಟ್ ಮಾಡಿದಾಗ ಕೆಲಸ ತಾನಾಗಿ ಮುಂದುವರಿಯುತ್ತದೆ.

ಆದರೆ ಮತ್ತೆ ಬರೆಯುವುದಕ್ಕೂ ಮೊದಲ ಜೋಡಿ ಬೇಕಲ್ಲ! ಹಳೆಯವು ಪೂರ್ತಿ ತುಂಬಿದ್ದರೆ ಬ್ಯಾಲೆನ್ಸ್ ಕೂಡ ಜಾಗವಿಲ್ಲವೆಂದು ನಿಲ್ಲುತ್ತದೆ. ಬಹುತೇಕ ಖಾಲಿಯಾದ ಚಂಕ್‌ಗಳಿದ್ದರೆ ‘ಡಿಯೂಸೇಜ್=10’ ಎಂಬ ಸೋಸುವಿಕೆಯಿಂದ ಮೊದಲು ಅವನ್ನು ಒತ್ತಟ್ಟಿಗೆ ಸೇರಿಸಬಹುದು. ಅದೂ ಆಗದಿದ್ದರೆ ಯುಎಸ್‌ಬಿ ಡಿಸ್ಕ್ ಒಂದನ್ನು ತಾತ್ಕಾಲಿಕವಾಗಿ ಸೇರಿಸಿ, ಬ್ಯಾಲೆನ್ಸ್ ಮುಗಿದ ಮೇಲೆ ‘ಡಿವೈಸ್ ರಿಮೂವ್’ ಆಜ್ಞೆಯಿಂದಲೇ ತೆಗೆಯಬೇಕು. ಸುಮ್ಮನೆ ಕಿತ್ತರೆ ಅದರಲ್ಲಿದ್ದ ಪ್ರತಿಗಳು ಹೋಗುತ್ತವೆ.

ಕೊಳ್ಳುವ ಮುನ್ನ ಹಾಕುವ ಲೆಕ್ಕ

ರೇಡ್1ರಲ್ಲಿ ಸಿಗುವ ಜಾಗ ಒಟ್ಟು ಮೊತ್ತದ ಅರ್ಧ, ಅಥವಾ ಅತಿ ದೊಡ್ಡದನ್ನು ಬಿಟ್ಟು ಉಳಿದವುಗಳ ಮೊತ್ತ. ಎರಡರಲ್ಲಿ ಯಾವುದು ಕಡಿಮೆಯೋ ಅದು. 4, 2, 1 ಟಿಬಿಯ ಮೂರು ಡಿಸ್ಕ್‌ಗಳಿಂದ ಸಿಗುವುದು 3 ಟಿಬಿ ಮಾತ್ರ. ಅವಕ್ಕೆ ಇನ್ನೊಂದು 1 ಟಿಬಿ ಸೇರಿದರೆ ಸಿಗುವ ಜಾಗ 4ಕ್ಕೆ ಏರುತ್ತದೆ: ದೊಡ್ಡದರಲ್ಲಿ ಒಂಟಿಯಾಗಿದ್ದ ಜಾಗಕ್ಕೆ ಜೋಡಿ ಸಿಕ್ಕಿತು. ದೊಡ್ಡ ಡಿಸ್ಕ್‌ಗಾಗಿ ದುಡ್ಡು ಕೂಡಿಸುತ್ತ ಕಾಯುವುದಕ್ಕಿಂತ, ಹಳೆಯವುಗಳಲ್ಲಿ ಕೆಲವು ಜಿಬಿ ಮೀಸಲಾಗದೆ ಉಳಿದಿರುವಾಗಲೇ ತಕ್ಕ ಡಿಸ್ಕ್ ಸೇರಿಸಿ ಬ್ಯಾಲೆನ್ಸ್ ಮಾಡುವುದು ಲೇಸು.